ಚೋಕ್ ಬಿಟ್ಟರೆ ನಿಲ್ಲುವ ಎಂಜಿನ್, ಮುರಿಯಲೆಂದೇ ಇರುವ ಬೋಲ್ಟ್

ಪ್ರಶ್ನೆ: ಹೋದ ತಿಂಗಳು ರಾಣೆಬೆನ್ನೂರು ಕಡೆಯಿಂದ ಒಂದು ಹಳೆ ಪವರ್ ವೀಡರ್ (ಕಳೆ ತೆಗೆಯುವ ಯಂತ್ರ) ತಂದೆ. ಏಳು ವರ್ಷದ್ದು, ಐದೂವರೆ ಎಚ್‌ಪಿ ಪೆಟ್ರೋಲ್ ಎಂಜಿನ್. ಮಾರಿದವರು ಚಾಲೂ ಮಾಡಿ ತೋರಿಸಿದ್ದರು. ಮನೆಗೆ ತಂದ ಮೇಲೆ ನೋಡಿದರೆ ಚೋಕ್ ಎಳೆದಾಗ ಮಾತ್ರ ಓಡುತ್ತದೆ. ಚೋಕ್ ಬಿಟ್ಟ ಕೂಡಲೇ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ನಮ್ಮೂರ ಮೆಕ್ಯಾನಿಕ್ ‘ರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಅನ್ನುತ್ತಾನೆ. ಮೆಣಸಿನಕಾಯಿ ಹೊಲದಲ್ಲಿ ಎಡೆ ಹೊಡೆಯುವ ಸಮಯ ಬಂದುಬಿಟ್ಟಿದೆ. ಏನು ಮಾಡಲಿ?
– ಬ್ಯಾಡಗಿ ತಾಲ್ಲೂಕಿನ ರೈತರು

ಉತ್ತರ: ಸದ್ಯಕ್ಕೆ ಎಂಜಿನ್ ಬಿಚ್ಚಿಸಬೇಡಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ.

ಚೋಕ್ ಏನು ಮಾಡುತ್ತದೆ? ಗಾಳಿಯ ದಾರಿ ಮುಚ್ಚುತ್ತದೆ. ಗಾಳಿ ಕಡಿಮೆಯಾದರೆ ಎಂಜಿನ್ ಪೆಟ್ರೋಲನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಚೋಕ್ ಇದ್ದಾಗ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ರಿಂಗ್ ಹೋಗಿದ್ದರೆ ನೀಲಿ ಹೊಗೆ ಬರುತ್ತಿತ್ತು, ಆಯಿಲ್ ಕುಡಿಯುತ್ತಿತ್ತು, ಹಗ್ಗ ಎಳೆದರೆ ಕೈಗೆ ತಡೆಯೇ ಸಿಗುತ್ತಿರಲಿಲ್ಲ. ಇದ್ಯಾವುದನ್ನೂ ನೀವು ಬರೆದಿಲ್ಲ. ಹಾಗಾಗಿ ನನ್ನ ಅನುಮಾನ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಮೇಲೆ.

ನಮ್ಮ ಕಡೆ ವೀಡರಿಗೆ ಕೆಲಸ ಇರುವುದು ಮುಂಗಾರಿನ ಎರಡು ಮೂರು ತಿಂಗಳು. ಆಮೇಲೆ ಕೊಟ್ಟಿಗೆಯ ಮೂಲೆ. ಮಹಾನವಮಿಗೆ ಒಮ್ಮೆ ಹೊರಗೆ ತಂದು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಒಳಗೆ. ಟ್ಯಾಂಕಿನ ಪೆಟ್ರೋಲ್ ಮಾತ್ರ ಹಾಗೇ ಇರುತ್ತದೆ. ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದದ್ದು ಆರುತ್ತಾ ಆರುತ್ತಾ ಬೆಲ್ಲದ ಪಾಕದಂಥ ಅಂಟಾಗುತ್ತದೆ. ಪೆಟ್ರೋಲ್ ಹೋಗುವ ಜೆಟ್ಟಿನ ತೂತು ಒಂದು ಮಿಲಿಮೀಟರೂ ಇಲ್ಲ. ಅದು ಕಟ್ಟಿಕೊಳ್ಳುವುದು ಎಷ್ಟು ಹೊತ್ತಿನ ಮಾತು? ಅದರ ಮೇಲೆ ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳೆ ಯಂತ್ರದ ರಬ್ಬರ್ ಪೈಪು, ವಾಷರುಗಳಿಗೂ ಅದು ಒಗ್ಗುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಮೊಬೈಲಿನಲ್ಲಿ ಕಾರ್ಬುರೇಟರಿನ ಫೋಟೊ ತೆಗೆಯಿರಿ. ಮೇಲೆ, ಪಕ್ಕ, ಹಿಂದೆ, ನಾಲ್ಕು ಕಡೆಯಿಂದ. ಅಲ್ಲಿ ಕೂದಲಿನಂಥ ಒಂದು ಸಣ್ಣ ಸ್ಪ್ರಿಂಗ್, ಒಂದು ಕಡ್ಡಿ ಇರುತ್ತವೆ. ಅವು ಗವರ್ನರಿನವು, ಎಂಜಿನ್ನಿನ ವೇಗ ಹಿಡಿದಿಡುವಂಥವು. ಕೆಲಸ ಕಲಿಯುವಾಗ ನಾನೇ ಒಮ್ಮೆ ಆ ಸ್ಪ್ರಿಂಗನ್ನು ಪಕ್ಕದ ತೂತಿಗೆ ಸಿಕ್ಕಿಸಿಬಿಟ್ಟೆ. ಹಗ್ಗ ಎಳೆದ ಕೂಡಲೇ ಎಂಜಿನ್ ಹುಚ್ಚು ಹಿಡಿದಂತೆ ಕಿರುಚತೊಡಗಿತು. ನಾನು, ನನ್ನ ಗುರು ಇಬ್ಬರೂ ಅಂಗಡಿಯಿಂದ ಹೊರಗೆ ಓಡಿದ್ದೆವು.

ಫೋಟೊ ಆಯಿತಾ? ಎಂಜಿನ್ ಆರಿರಲಿ, ಹತ್ತಿರ ಬೀಡಿ ಬೆಂಕಿ ಯಾವುದೂ ಬೇಡ. ಪೆಟ್ರೋಲ್ ಕಾಕ್ ಬಂದ್ ಮಾಡಿ. ಕೆಳಗೆ ಒಂದು ಸ್ಟೀಲ್ ಬಟ್ಟಲು ಇಟ್ಟು, ಕಾರ್ಬುರೇಟರಿನ ತಳದ ಬೋಲ್ಟ್ ಬಿಚ್ಚಿ. ಸಾಮಾನ್ಯವಾಗಿ 10 ನಂಬರ್ ಪಾನಾ ಸಾಕು. ಬಂದದ್ದನ್ನು ಚೆಲ್ಲಬೇಡಿ, ನೋಡಿ. ತಳದಲ್ಲಿ ಪಾದರಸದ ಹಾಗೆ ಗುಂಡುಗುಂಡಾಗಿ ಓಡಾಡಿದರೆ ಅದು ನೀರು. ಹಳೆ ವಾರ್ನಿಶ್ ನಾತ ಬಂದರೆ ಪೆಟ್ರೋಲ್ ಕೆಟ್ಟಿದೆ. ಎರಡರಲ್ಲಿ ಯಾವುದಿದ್ದರೂ ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ಕಾರ್ಬುರೇಟರಿನ ಬಟ್ಟಲು ಕಳಚಿ ಮೇಲೆ ನೋಡಿದರೆ ನಡುವಿನ ಕಂಬದೊಳಗೆ ಹಿತ್ತಾಳೆಯ ಜೆಟ್ ಕಾಣುತ್ತದೆ. ಸರಿಯಾದ ಅಳತೆಯ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಬಿಚ್ಚಿ, ಬೆಳಕಿಗೆ ಹಿಡಿಯಿರಿ. ದುಂಡಗೆ ಬೆಳಕು ಕಂಡರೆ ಸರಿ. ಅರ್ಧಚಂದ್ರ ಕಂಡರೆ ಕಳ್ಳ ಸಿಕ್ಕ ಅಂತ ಲೆಕ್ಕ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಹೋಗದಿದ್ದರೆ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ. ಹೊಲಿಗೆ ಸೂಜಿ ಬೇಡವೇ ಬೇಡ. ಉಕ್ಕು ಹಿತ್ತಾಳೆಯನ್ನು ಕೊರೆಯುತ್ತದೆ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಆಮೇಲೆ ಜೀವನಪೂರ್ತಿ ಕರಿ ಹೊಗೆ. ಪಕ್ಕದ ಸಣ್ಣ ಪೈಲಟ್ ಜೆಟ್ ಮರೆಯಬೇಡಿ. ಎಂಜಿನ್ ‘ವೂಂ... ವೂಂ...’ ಅಂತ ಏರಿ ಇಳಿದು ಮಾಡುವುದು ಬಹಳ ಸಲ ಅದರಿಂದಲೇ.

ಒಳಗೆ ಬಿಳಿ ಪುಡಿ ಹಿಡಿದು ಲೋಹವೇ ತಿಂದುಹೋಗಿದ್ದರೆ ಸುಮ್ನೆ ತಿಕ್ಕುತ್ತಾ ಕೂರಬೇಡಿ, ಬೇರೆ ಕಾರ್ಬುರೇಟರ್ ಹಾಕಿಸಿ. ಎಲ್ಲ ಚೊಕ್ಕ ಮಾಡಿದ ಮೇಲೂ ಚೋಕ್ ಬೇಡುತ್ತಿದ್ದರೆ, ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ಗ್ಯಾಸ್ಕೆಟ್ ಹರಿದು ಅಲ್ಲಿಂದ ಗಾಳಿ ನುಗ್ಗುತ್ತಿರಬಹುದು.

ಇಷ್ಟು ದಿನ ಚೋಕಿನಲ್ಲಿ ಓಡಿಸಿದ್ದೀರಿ, ಪ್ಲಗ್ ಮಸಿಯಾಗಿರುತ್ತದೆ. ಬ್ರಷ್ ಹಾಕಿ ಒರೆಸಿ. ಗ್ಯಾಪ್ 0.7ರಿಂದ 0.8 ಮಿಲಿಮೀಟರ್ ಇರಬೇಕು. ಅಳೆಯುವ ಗೇಜ್ ಇಲ್ಲವೇ? ಎಟಿಎಂ ಕಾರ್ಡಿನ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಉಬ್ಬಕ್ಷರ ಇಲ್ಲದ ಕಡೆ ತೂರಿಸಿ ನೋಡಿ.

ಏರ್ ಫಿಲ್ಟರಿನ ಸ್ಪಂಜು ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಎಂಜಿನ್ ಆಯಿಲ್ ಸ್ವಲ್ಪ ಹಾಕಿ, ಚೆನ್ನಾಗಿ ಹಿಂಡಿ ಹಾಕಿ. ಹಾಗೇ ಎಂಜಿನ್ ಆಯಿಲನ್ನೂ ನೋಡಿಬಿಡಿ. ಈ ಅಳತೆಯ ಎಂಜಿನ್ ಹಿಡಿಯುವುದು ಸುಮಾರು 600 ಮಿಲಿ ಅಷ್ಟೇ. ಕಪ್ಪಾಗಿದ್ದರೆ ಬದಲಿಸಿದರೆ ಆಯಿತು. ಹಾಲು ಬೆರೆತ ಚಹಾದ ಹಾಗಿದ್ದರೆ ನೀರು ಸೇರಿದೆ. ಪೆಟ್ರೋಲ್ ವಾಸನೆ ಬಂದು ಮಟ್ಟವೂ ಜಾಸ್ತಿ ಇದ್ದರೆ, ಟೆಂಪೊದಲ್ಲಿ ತರುವಾಗ ಕಾಕ್ ಬಂದ್ ಮಾಡಿಲ್ಲ, ಪೆಟ್ರೋಲ್ ಒಳಗೆ ಇಳಿದಿದೆ. ಅಂಥ ಆಯಿಲಿನಲ್ಲಿ ಒಂದು ನಿಮಿಷವೂ ಓಡಿಸಬೇಡಿ. ಆಗ ಮೆಕ್ಯಾನಿಕ್ ಹೇಳಿದ ಮಾತು ನಿಜವಾಗುತ್ತದೆ.

ಮುಂದಿನ ವರ್ಷ ಈ ತಾಪತ್ರಯ ಬೇಡ ಅಂದರೆ, ಕೊನೆಯ ಎಡೆ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಆಮೇಲೆ ತಳದ ಬೋಲ್ಟ್ ಸಡಿಲಿಸಿ ಉಳಿದ ಹನಿಗಳನ್ನೂ ತೆಗೆದುಬಿಡಿ.

ಪ್ರಶ್ನೆ: ನಮ್ಮ ಹಳೆ ವೀಡರ್ ಚೆನ್ನಾಗಿಯೇ ಚಾಲೂ ಆಗುತ್ತದೆ. ಹದಿನೈದು ನಿಮಿಷ ಓಡಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ. ಕಾಯಿಲ್ ಬದಲಿಸಿದ್ದಾಯಿತು, ಪ್ಲಗ್ ಬದಲಿಸಿದ್ದಾಯಿತು.
– ಮುಂಡರಗಿಯ ಓದುಗರು

ಉತ್ತರ: ಮುಂದಿನ ಸಲ ನಿಂತಾಗ ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಿವಿ ಕೊಡಿ. ‘ಸುಸ್’ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಕೂಡಲೇ ಎಂಜಿನ್ ಚಾಲೂ ಆದರೆ ತಪ್ಪು ಮುಚ್ಚಳದ್ದು. ಅದರ ಸಣ್ಣ ಗಾಳಿತೂತು ಧೂಳಿನಿಂದ ಮುಚ್ಚಿದೆ. ಗಾಳಿ ಒಳಗೆ ಬರದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಮುಚ್ಚಳ ತೊಳೆದು ಊದಿ, ಸಾಕು. ಮೊದಲೇ ಕೇಳಿದ್ದರೆ ಕಾಯಿಲಿನ ದುಡ್ಡು ಉಳಿಯುತ್ತಿತ್ತು.

ಪ್ರಶ್ನೆ: ಇದು ನಿಮ್ಮ ಅಂಕಣಕ್ಕೆ ಹೊಂದುತ್ತದೋ ಇಲ್ಲವೋ. ಮಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಮನೆ ಮುಂದಿನ ಹಿಮ ತೆಗೆಯಲು ಒಂದು ಹಳೆ ಸ್ನೋ ಬ್ಲೋವರ್ ಕೊಂಡಿದ್ದಾನೆ. ಎಂಜಿನ್ ಓಡುತ್ತದೆ, ಗಾಲಿ ತಿರುಗುತ್ತದೆ, ಆದರೆ ಮುಂದಿನ ಸುರುಳಿ ಎಡಗಡೆ ಮಾತ್ರ ತಿರುಗುತ್ತದೆ, ಬಲಗಡೆ ಸುಮ್ಮನಿರುತ್ತದೆ. ವಿಡಿಯೊ ಕಾಲ್‌ನಲ್ಲಿ ನೋಡಿದೆ, ಒಂದು ಬೋಲ್ಟ್ ತುಂಡಾಗಿತ್ತು. ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ‘ಗಟ್ಟಿ ಹೈಟೆನ್ಸೈಲ್ ಬೋಲ್ಟ್ ಹಾಕು, ಮತ್ತೆ ಮುರಿಯಲ್ಲ’ ಅಂದೆ. ಅಂಗಡಿಯವರು ಕೂಡದು ಅಂದರಂತೆ. ಯಾರು ಸರಿ?
– ಧಾರವಾಡದ ನಿವೃತ್ತರು

ಉತ್ತರ: ಈ ಸಲ ಅಂಗಡಿಯವರು ಸರಿ, ಬೇಜಾರಾಗಬೇಡಿ. ಆ ಬೋಲ್ಟ್ ಮುರಿಯಲೆಂದೇ ಇರುವುದು. ಅದಕ್ಕೆ ಶಿಯರ್ ಪಿನ್ ಅನ್ನುತ್ತಾರೆ. ಹಿಮದ ಕೆಳಗೆ ಗಟ್ಟಿ ಐಸ್ ಗಡ್ಡೆಯೋ, ದಪ್ಪ ದಿನಪತ್ರಿಕೆಯ ಕಟ್ಟೋ ಸಿಕ್ಕಿಕೊಂಡಾಗ ಸುರುಳಿ ಗಕ್ಕನೆ ನಿಲ್ಲುತ್ತದೆ. ಎಂಜಿನ್ ಮಾತ್ರ ತಿರುಗಿಸುತ್ತಲೇ ಇರುತ್ತದೆ. ಆಗ ಮೆತ್ತನೆಯ ಪಿನ್ ತುಂಡಾಗಿ ಒಳಗಿನ ಗೇರ್ ಉಳಿಯುತ್ತದೆ. ಅಲ್ಲಿ ಗಟ್ಟಿ ಬೋಲ್ಟ್ ಹಾಕುವುದು, ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಕಟ್ಟಿದ ಹಾಗೆ. ಆ ಮಾಡೆಲ್ಲಿಗೆ ಹೇಳಿದ ಪಿನ್ನನ್ನೇ ಕೊಂಡು, ನಾಲ್ಕು ಜಾಸ್ತಿ ತಂದಿಟ್ಟುಕೊಳ್ಳಲಿ.

ಆದರೆ ನಿಮ್ಮ ಫಿಟ್ಟರ್ ಕಣ್ಣು ಬೇಕಾದ ಜಾಗ ಒಂದಿದೆ. ಹಳೆ ಯಂತ್ರದಲ್ಲಿ ಸುರುಳಿಯ ಕೊಳವೆ ಒಳಗಿನ ಶಾಫ್ಟಿಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಹಾಗಾದರೆ ಪಿನ್ ತುಂಡಾದರೂ ಪ್ರಯೋಜನ ಇಲ್ಲ, ಪೆಟ್ಟು ನೇರ ಗೇರಿಗೇ ಬೀಳುತ್ತದೆ. ಮಗನ ಯಂತ್ರದಲ್ಲಿ ಬಲಗಡೆ ತಾನಾಗಿ ನಿಂತಿದೆ, ಅಂದರೆ ಅಲ್ಲಿ ಅಂಟಿಲ್ಲ, ಒಳ್ಳೆಯದು. ಎಡಗಡೆಯದನ್ನೂ ನೋಡಬೇಕು. ಎಂಜಿನ್ ಆರಿಸಿ, ಪ್ಲಗ್ಗಿನ ವೈರ್ ಕಳಚಿ, ಪಿನ್ ತೆಗೆದು ಕೈಯಿಂದ ಸುರುಳಿ ತಿರುಗಿಸಲಿ. ಸಲೀಸಾಗಿ ತಿರುಗಿದರೆ ಗ್ರೀಸ್ ನಿಪ್ಪಲ್ಲಿಗೆ ಗ್ರೀಸ್ ತುಂಬಿ ಪಿನ್ ವಾಪಸ್ ಹಾಕುವುದು. ತಿರುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಬೇಕು.

ಎಂಜಿನ್ ಕೆಲಸ ಮೇಲೆ ಬ್ಯಾಡಗಿಯವರಿಗೆ ಹೇಳಿದ್ದೇ. ಅಲ್ಲಿಯೂ ಬೇಸಿಗೆಯಿಡೀ ಯಂತ್ರ ಗ್ಯಾರೇಜಿನಲ್ಲಿ ಕೂರುತ್ತದೆ, ಅಲ್ಲಿಯೂ ಬಟ್ಟಲಲ್ಲಿ ಅಂಟು. ಒಂದು ತಮಾಷೆ ಕೇಳಿ: ಎಷ್ಟೋ ಸ್ನೋ ಬ್ಲೋವರ್ ಎಂಜಿನ್ನುಗಳಿಗೆ ಏರ್ ಫಿಲ್ಟರೇ ಇರುವುದಿಲ್ಲ. ಹಿಮದ ಮೇಲೆ ಧೂಳೆಲ್ಲಿ? ಇದ್ದರೆ ಅದಕ್ಕೇ ಹಿಮ ಮೆತ್ತಿಕೊಂಡು ಉಸಿರು ಕಟ್ಟುತ್ತದೆ. ಮಗ ‘ಫಿಲ್ಟರ್ ಕಳೆದುಹೋಗಿದೆ’ ಅಂತ ಹುಡುಕದಿರಲಿ. ಅದೇ ಎಂಜಿನ್ನನ್ನು ಫಿಲ್ಟರ್ ಇಲ್ಲದೆ ಗದಗಿನ ಎರೆ ಹೊಲಕ್ಕೆ ಇಳಿಸಿದರೆ ಒಂದು ಹಂಗಾಮೂ ಬಾಳಲಿಕ್ಕಿಲ್ಲ. ಆಯಿಲ್ ಕೂಡ ಬೇರೆ. ನಮ್ಮ ಬಿಸಿಲಿಗೆ 20ಡಬ್ಲ್ಯು-40 ನಡೆಯುತ್ತದೆ. ಅಲ್ಲಿನ ಚಳಿಯಲ್ಲಿ ಅದು ಜೇನಿನ ಹಾಗೆ ಗಟ್ಟಿಯಾಗಿ ಹಗ್ಗ ಎಳೆಯಲೇ ಆಗುವುದಿಲ್ಲ. ಸಾಮಾನ್ಯವಾಗಿ 5ಡಬ್ಲ್ಯು-30 ಹಾಕುತ್ತಾರೆ.

ಹಿಮ ದೂರ ಹಾರದೆ ಮುಂದೆಯೇ ಬಿದ್ದರೆ ಮೊದಲು ಬೆಲ್ಟ್ ಸಡಿಲವೇ, ಎಂಜಿನ್ ಪೂರ್ತಿ ವೇಗದಲ್ಲಿದೆಯೇ ನೋಡಲಿ. ಒದ್ದೆ ಹಿಮವಾದರೆ ಹಿಮ ಹೊರಗೆ ಹಾರುವ ಕೊಳವೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಒಂದು ಮಾತು ಒತ್ತಿ ಹೇಳಿ. ಆ ಕೊಳವೆಗೆ ಕೈ ಹಾಕಲೇಬಾರದು. ಎಂಜಿನ್ ಆರಿಸಿದ್ದರೂ ಬೆಲ್ಟಿನ ಬಿಗಿಯಲ್ಲಿ ಒಳಗಿನ ರೆಕ್ಕೆಗೆ ಬಲ ಉಳಿದಿರಬಹುದು. ಹಿಮ ಸಡಿಲವಾದ ಕ್ಷಣ ರೆಕ್ಕೆ ತಿರುಗುತ್ತದೆ, ಬೆರಳು ಹೋಗುತ್ತದೆ. ಕೋಲಿನಿಂದಲೇ ಬಿಡಿಸಬೇಕು. ಚಳಿ ಅಂತ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸುವುದೂ ಬೇಡ, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಪ್ರಶ್ನೆ: ಹಳೆ ವೀಡರ್ ಕೊಳ್ಳಲು ಹೊರಟಿದ್ದೇನೆ. ಏನು ನೋಡಬೇಕು?
– ರೋಣ ತಾಲ್ಲೂಕಿನ ಯುವ ರೈತ

ಉತ್ತರ: ಹೇಳದೆ ಹೋಗಿ. ಹೋದವರೇ ಸೈಲೆನ್ಸರ್ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಒಮ್ಮೆ ಓಡಿಸಿದ್ದಾರೆ. ಬಿಸಿ ಎಂಜಿನ್ ಎಂಥದ್ದೂ ಚಾಲೂ ಆಗುತ್ತದೆ. ಚಹಾ ಕುಡಿಯುತ್ತಾ ಕೂತು, ಆರಿದ ಮೇಲೆ ನೀವೇ ಹಗ್ಗ ಎಳೆಯಿರಿ.

ಹೊಸ ಬಣ್ಣ ಕಂಡರೆ ನನಗಂತೂ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ. ಕರಿ ಹೊಗೆಗೆ ಹೆದರಬೇಡಿ, ಅದು ಬಹಳ ಸಲ ಕಾರ್ಬುರೇಟರ್, ಫಿಲ್ಟರಿನಲ್ಲೇ ಮುಗಿಯುತ್ತದೆ. ನೀಲಿ ಹೊಗೆ ನಿಲ್ಲದಿದ್ದರೆ ವಾಪಸ್ ಬನ್ನಿ. ಬ್ಲೇಡ್ ಸವೆದಿದ್ದರೆ ಚೌಕಾಸಿಗೆ ಒಳ್ಳೆಯದು, ಅದು ದೊಡ್ಡ ಖರ್ಚಲ್ಲ. ಖರ್ಚಿರುವುದು ಗೇರ್ ಬಾಕ್ಸಿನಲ್ಲಿ. ಎಂಜಿನ್ ಆರಿಸಿ, ಬ್ಲೇಡಿನ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಗಡಗಡ ಅಂದರೆ ಬೇರಿಂಗ್ ಹೋಗಿದೆ. ಶಾಫ್ಟಿನ ಬುಡದಲ್ಲಿ ಹುಲ್ಲು, ಡ್ರಿಪ್ ಪೈಪಿನ ಚೂರು, ಗೊಬ್ಬರದ ಚೀಲದ ದಾರ ಸುತ್ತಿಕೊಂಡು ಆಯಿಲ್ ಸೀಲ್ ಕೊಯ್ದಿರುತ್ತದೆ. ಅಲ್ಲಿ ಎಣ್ಣೆ ಜಿನುಗಿ ಮಣ್ಣು ಮೆತ್ತಿದೆಯೇ ನೋಡಿ. ಗೇರ್ ಆಯಿಲಿನಲ್ಲಿ ಒಂದು ಕಡ್ಡಿ ಅದ್ದಿ ಬಿಸಿಲಿಗೆ ಹಿಡಿದಾಗ ಮಿಣಮಿಣ ಹೊಳೆದರೆ ಅದು ಸವೆದ ಗೇರಿನ ಪುಡಿ.

ಮುಂಗಡ ಕೊಡುವ ಮುಂಚೆ ಆ ಕಂಪನಿಯ ಹೆಸರು ಹೇಳಿ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ. ಹಗ್ಗದ ಸ್ಪ್ರಿಂಗ್, ಆಯಿಲ್ ಸೀಲ್, ಕಾರ್ಬುರೇಟರ್ ಗ್ಯಾಸ್ಕೆಟ್, ಈ ಮೂರು ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ.

ಇನ್ನೊಂದು. ನಿಮ್ಮದು ಎರೆ ಭೂಮಿ. ಮಳೆಯಾದ ಮಾರನೇ ದಿನವೇ ವೀಡರ್ ಇಳಿಸಿ, ಬ್ಲೇಡಿಗೆ ಮಣ್ಣು ಮೆತ್ತಿ ಬೆಲ್ಟ್ ಸುಟ್ಟ ವಾಸನೆ ಬಂದ ಮೇಲೆ ‘ಹಳೆ ಮಾಲು ಮೋಸವಾಯ್ತು’ ಅನ್ನುವವರನ್ನು ಬಹಳ ನೋಡಿದ್ದೇನೆ. ನಾಲ್ಕು ಬೆರಳು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಉಂಡೆ ಕಟ್ಟಿ ಕೈಗೆ ಅಂಟಿದರೆ ಆವತ್ತು ಯಂತ್ರ ಕೊಟ್ಟಿಗೆಯಲ್ಲೇ ಇರಲಿ.