ಆ್ಯಪ್ ತೆಗೆದರೆ ಮಾಹಿತಿ ಹೋಗುವುದಿಲ್ಲ

ಪ್ರಶ್ನೆ: ವ್ಯಾಯಾಮದ ಆ್ಯಪ್ ಒಂದನ್ನು ಫೋನಿನಿಂದ ತೆಗೆದು ಆರು ತಿಂಗಳಾಯಿತು. ಇನ್ನೂ ಅವರಿಂದ ಮೇಲ್ ಬರುತ್ತಿದೆ. ನನ್ನ ಮಾಹಿತಿ ಅಳಿಸಿಹೋಗಿಲ್ಲವೇ?

ಉತ್ತರ: ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕವಿಲ್ಲ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ನೀವು ತೆಗೆದದ್ದು ಫೋನಿನಲ್ಲಿದ್ದ ಆ್ಯಪನ್ನು ಮಾತ್ರ. ನಿಮ್ಮ ಹೆಸರು, ತೂಕ, ದಿನಾ ಓಡಿದ ದಾರಿ ಎಲ್ಲವೂ ಕಂಪನಿಯ ಸರ್ವರ್‌ನಲ್ಲಿ ಹಾಗೇ ಇರುತ್ತವೆ. ಅಳಿಸಬೇಕಾದದ್ದು ಖಾತೆಯನ್ನು.

ಆ್ಯಪನ್ನು ಮತ್ತೆ ಹಾಕಿಕೊಳ್ಳಿ. ಬೇಸರದ ಕೆಲಸ, ಗೊತ್ತು. ಆ್ಯಪ್ ಒಳಗೆ ಖಾತೆ ತೆರೆಯಲು ಬಿಡುವವರು ಅಲ್ಲಿಂದಲೇ ಅಳಿಸಲೂ ದಾರಿ ಕೊಡಬೇಕು ಎಂಬ ಆ್ಯಪಲ್ ನಿಯಮ 2022ರ ಜೂನ್ 30ರಿಂದ ಜಾರಿಯಲ್ಲಿದೆ. ಗೂಗಲ್ ಪ್ಲೇ ನಿಯಮದ ಪ್ರಕಾರ, ಆ್ಯಪ್ ತೆಗೆದುಬಿಟ್ಟವರೂ ಕೋರಿಕೆ ಸಲ್ಲಿಸುವಂತೆ ವೆಬ್ ಲಿಂಕ್ ಕೂಡ ಇರಬೇಕು.

ಆದರೆ ಒಳಗೆ ಹೋದ ಕೂಡಲೇ ಅಳಿಸಬೇಡಿ. ಮೊದಲು ನಿಮ್ಮ ಮಾಹಿತಿಯ ಪ್ರತಿ ಇಳಿಸಿಕೊಂಡು ಓದಿ. ಅವರ ಹತ್ತಿರ ಏನೇನಿದೆ ಅನ್ನುವುದು ಆಗಲೇ ತಿಳಿಯುವುದು. ಗೂಗಲ್ ಅಥವಾ ಫೇಸ್‌ಬುಕ್ ಖಾತೆಯಿಂದ ಲಾಗಿನ್ ಆಗಿದ್ದರೆ ಅಲ್ಲಿಯೂ ಆ ಆ್ಯಪ್‌ನ ಸಂಪರ್ಕ ಕಡಿದುಹಾಕಿ. ಆಮೇಲೆ ಖಾತೆ ಅಳಿಸಿ. ‘ಸದ್ಯಕ್ಕೆ ನಿಷ್ಕ್ರಿಯಗೊಳಿಸಿ’ ಎಂಬ ಬಟನ್ ಕಣ್ಣಿಗೆ ಬೀಳುವಂತೆ ಇಟ್ಟಿರುತ್ತಾರೆ, ಅದನ್ನು ಒತ್ತಬೇಡಿ. ಅಳಿಸಿದ ಮೇಲೆ ಸುಮ್ನೆ ಇಣುಕಿ ನೋಡುವುದೂ ಬೇಡ. ಉದಾಹರಣೆಗೆ, ಫೇಸ್‌ಬುಕ್‌ನಲ್ಲಿ 30 ದಿನದೊಳಗೆ ಮತ್ತೆ ಲಾಗಿನ್ ಆಗಿ ಕೋರಿಕೆ ರದ್ದು ಮಾಡಲು ಅವಕಾಶವಿದೆ. ಎಷ್ಟೋ ಜನ ಅಲ್ಲೇ ಮನಸ್ಸು ಬದಲಿಸುತ್ತಾರೆ.

ಕಂಪನಿ ಬೇರೆಯವರಿಗೆ ಕೊಟ್ಟ ಪ್ರತಿಗಳದ್ದು ಕಷ್ಟದ ವಿಷಯ. ಅದಕ್ಕೆ ಕಾನೂನೇ ಬೇಕು. ಯುರೋಪ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಾರಿಯಲ್ಲಿದೆ. ಅಳಿಸಿ ಎಂದು ಕೇಳಿದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಮಾಹಿತಿ ಪಡೆದವರಿಗೂ ಆದಷ್ಟು ತಿಳಿಸಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಆಗಬೇಕು ಅಂತಲೂ ಅದರಲ್ಲಿದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಕೊಡುವುದಕ್ಕೆ ಒಂದು ಬಟನ್, ವಾಪಸ್ ಕೇಳುವುದಕ್ಕೆ ಹನ್ನೆರಡು ಪುಟ ಅಂದರೆ ಹಿಡಿತ ನಮ್ಮದಲ್ಲ, ಅಲ್ವಾ? ಅದಕ್ಕೇ ನಾನು ಫಾರ್ಮ್ ತುಂಬುವಾಗ ಕಡ್ಡಾಯವಲ್ಲದ ಜಾಗವನ್ನೆಲ್ಲ ಖಾಲಿ ಬಿಡುತ್ತೇನೆ.

ಪ್ರಶ್ನೆ: ‘ನನ್ನ ಫೋಟೊ ಬಳಸಲು ಅನುಮತಿ ಇಲ್ಲ’ ಎಂದು ಫೇಸ್‌ಬುಕ್‌ನಲ್ಲಿ ಬರೆದು ಹಾಕಿದರೆ ಸಾಕೇ?

ಉತ್ತರ: ಸಾಲದು. ಖಾತೆ ತೆರೆಯುವಾಗ ಒಪ್ಪಿದ ಷರತ್ತು ಇದರಿಂದ ಬದಲಾಗುವುದಿಲ್ಲ. ದಯವಿಟ್ಟು ಇದನ್ನು ಇನ್ನೊಬ್ಬರಿಗೆ ಕಳಿಸಬೇಡಿ.

ಪ್ರಶ್ನೆ: ಇನ್‌ಕಾಗ್ನಿಟೊದಲ್ಲಿ (ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ) ನೋಡಿದ್ದು ಯಾರಿಗೂ ಗೊತ್ತಾಗುವುದಿಲ್ಲವೇ?

ಉತ್ತರ: ನಿಮ್ಮ ಬ್ರೌಸರ್‌ನಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಅಷ್ಟೇ.

ಪ್ರಶ್ನೆ: ಹಣ ಕೊಟ್ಟರೆ ಇಂಟರ್ನೆಟ್‌ನಿಂದ ನನ್ನ ಮಾಹಿತಿಯನ್ನು ಪೂರ್ತಿ ಅಳಿಸುತ್ತೇನೆ ಎಂದು ಒಬ್ಬರು ಪಾಸ್‌ವರ್ಡ್ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಖಂಡಿತ ಬೇಡ. ಪೂರ್ತಿ ಅಳಿಸುವುದು ಯಾರ ಕೈಲೂ ಆಗದ ಕೆಲಸ. ಆಗುತ್ತದೆ ಅನ್ನುವವರು ಮೋಸ ಮಾಡುತ್ತಿದ್ದಾರೆ. ಆಗಲೇ ಕೊಟ್ಟಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಪಾಸ್‌ವರ್ಡ್ ಬದಲಿಸಿ.