ಕ್ಯಾನ್ಸರ್ ಬಯೋಮಾರ್ಕರ್ ಸ್ಟಡಿಗಳನ್ನ ಎಷ್ಟು ನಂಬಬಹುದು?

ಅತ್ತಿಗೆ ಬಯಾಪ್ಸಿ ರಿಪೋರ್ಟ್ ಬಂದ್ಮೇಲೆ ನೆಟ್‌ನಲ್ಲಿ ಓದ್ತಾ ಇದೀನಿ, ದಿನಕ್ಕೊಂದು ಮಾರ್ಕರ್ ಹೆಸರು ಹೇಳಿ ಇದು ಜಾಸ್ತಿ ಇದ್ರೆ ಕಾಯಿಲೆ ವಾಪಸ್ ಬರುತ್ತೆ ಅಂತಾರೆ, ಎಲ್ಲಾ ನಿಜಾನಾ ಅಂತ ಕೇಳಿದೀರ.

ಎಲ್ಲಾ ನಿಜ ಅಲ್ಲ. ಬಯೋಮಾರ್ಕರ್ ಅಂದ್ರೆ ಗೆಡ್ಡೆಲೋ ರಕ್ತದಲ್ಲೋ ಅಳೆದು ಕಾಯಿಲೆ ಬಗ್ಗೆ ಸುಳಿವು ತಗೊಳ್ಳೋ ಅಂಶ. ಸ್ತನ ಕ್ಯಾನ್ಸರಲ್ಲಿ ಈಆರ್ (ಈಸ್ಟ್ರೋಜನ್ ಹಾರ್ಮೋನ್ ಹಿಡ್ಕೊಳ್ಳೋ ಪ್ರೋಟೀನ್), ಹರ್2 (ಜೀವಕೋಶಕ್ಕೆ ಬೆಳೆಯೋ ಸಿಗ್ನಲ್ ಕೊಡೋ ಪ್ರೋಟೀನ್) ಗಟ್ಟಿಯಾಗಿ ನಿಂತಿವೆ, ಟ್ರೀಟ್‌ಮೆಂಟೇ ಅವುಗಳ ಮೇಲೆ ಡಿಸೈಡ್ ಆಗುತ್ತೆ. ಆದ್ರೆ ರಿಸರ್ಚ್ ಪೇಪರಲ್ಲಿ ಬಂದ ಎಷ್ಟೋ ಮಾರ್ಕರ್‌ಗಳು ಆಸ್ಪತ್ರೆ ಬಾಗಿಲಿಗೂ ಬರಲ್ಲ. ನಮ್ಮ ಕೋಲಾರ ಎಪಿಎಂಸಿಲಿ ಟೊಮೇಟೊ ಬಾಕ್ಸ್ ಮೇಲ್ಗಡೆ ಕೆಂಪು ಹಣ್ಣು ಜೋಡಿಸಿಟ್ರೆ ತಳದಲ್ಲಿ ಏನಿದೆ ಗೊತ್ತಾಗಲ್ವಲ್ಲ, ಹಾಗೇನೇ ಹತ್ತು ಮಾರ್ಕರ್ ಟೆಸ್ಟ್ ಮಾಡಿ ಒಂದು ಕೆಲಸ ಮಾಡಿದ್ರೆ ಅದೊಂದನ್ನೇ ಬರೀತಾರೆ, ಎಷ್ಟು ಜನ ಪೇಷಂಟು, ಎಷ್ಟು ವರ್ಷ ಫಾಲೋ ಮಾಡಿದ್ರು, ಮಧ್ಯೆ ಎಷ್ಟು ಜನ ಬಿಟ್ಟೋದ್ರು ಅನ್ನೋದು ಸರಿಯಾಗಿ ಇರಲ್ಲ.

ಕಟ್-ಆಫ್, ಅಂದ್ರೆ ಎಷ್ಟರ ಮೇಲಿದ್ರೆ ಜಾಸ್ತಿ ಅನ್ನೋ ಗೆರೆ, ಇನ್ನೊಂದು ದೊಡ್ಡ ಸಮಸ್ಯೆ. ಕೆಐ-67 (ಎಷ್ಟು ಜೀವಕೋಶ ವಿಭಜನೆ ಆಗ್ತಿವೆ ಅಂತ ತೋರ್ಸೋ ಮಾರ್ಕರ್) ನೋಡಿ, ಒಬ್ರು 14% ಹತ್ರ ಗೆರೆ ಎಳೀತಾರೆ ಇನ್ನೊಬ್ರು 20% ಹತ್ರ, ಡೇಟಾ ನೋಡ್ಕೊಂಡು ರಿಸಲ್ಟ್ ಚೆನ್ನಾಗಿ ಬರೋ ಕಡೆ ಗೆರೆ ಎಳೆದ್ರೆ ಏನೂ ಸಂಬಂಧ ಇಲ್ದಿರೋ ಮಾರ್ಕರ್ ಕೂಡ ಮುಖ್ಯ ಅನ್ಸುತ್ತೆ. ಇದಕ್ಕೇ 2005ರಲ್ಲಿ ಇಂಥ ಮಾರ್ಕರ್ ಸ್ಟಡಿ ಬರೆಯೋರಿಗೆ ರಿಮಾರ್ಕ್ ಅಂತ 20 ಅಂಶಗಳ ಚೆಕ್‌ಲಿಸ್ಟ್ ಬಂತು, ಪೇಷಂಟ್‌ಗಳನ್ನ ಹೇಗೆ ಆರಿಸಿದ್ರು, ಟೆಸ್ಟ್ ಹೇಗೆ ಮಾಡಿದ್ರು, ಕಟ್-ಆಫ್ ಹೇಗೆ ಬಂತು ಎಲ್ಲಾ ಬರೀಬೇಕು ಅಂತ. ಪಾಲಿಸೋರು ಈಗ್ಲೂ ಕಮ್ಮಿನೇ, ಬೇಜಾರಾಗುತ್ತೆ.

ಅತ್ತಿಗೆಗೆ ಒಂದೇ ಪೇಪರ್ ತೋರ್ಸಿ ಹೆದರಿಸ್ಬೇಡಿ. ಈ ನಂಬರಿಂದ ಟ್ರೀಟ್‌ಮೆಂಟ್ ಏನಾದ್ರೂ ಬದಲಾಗುತ್ತಾ ಅಂತ ಡಾಕ್ಟರ್ ಹತ್ರ ನೇರವಾಗಿ ಕೇಳಿ.