ಸಾರಿಲ್ಲದ ಅನ್ನ

ಮಗನಿಗೆ ತಿನ್ನೋ ಚಟ ಹಿಡಿದಿದೆ, ಬಿಡಿಸಿಕೊಡಿ ಎಂದು ಬರುವ ತಾಯಂದಿರು ಈಚೆಗೆ ನನ್ನಲ್ಲಿ ಜಾಸ್ತಿಯಾಗಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 16 ವರ್ಷ, ಮೊದಲ ಪಿಯುಸಿ. ಮದುವೆಮನೆಯಲ್ಲಿ ಸೋದರಮಾವ "ಏನೋ ಡುಮ್ಮ" ಅಂದಾಗಿನಿಂದ ಬೆಳಗಿನ ತಿಂಡಿ ಬಿಟ್ಟಿದ್ದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತಿದ್ದ. ತಾಯಿ ಚಿಪ್ಸು, ಚಕ್ಕುಲಿ, ಬಿಸ್ಕತ್ತನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಮೊದಲ ಎರಡು ಭೇಟಿಯಲ್ಲಿ ತಾಯಿಯೇ ಮಾತಾಡಿದರು. ಮೂರನೆಯ ಸಲ ಅವರನ್ನು ಹೊರಗೆ ಕೂರಿಸಿದೆ.

"ನಿನ್ನೆ ರಾತ್ರಿ ಏನು ತಿಂದೆ?"

ಬೈಯುತ್ತೇನೆ ಅಂದುಕೊಂಡನೇನೋ, ಬ್ಯಾಗಿನ ಜಿಪ್ ಎಳೆಯುತ್ತಾ ಕೂತ. ಆಮೇಲೆ ಅಂದ, "ಅನ್ನ ಮೇಡಂ. ಫ್ರಿಜ್ಜಲ್ಲಿತ್ತು. ಬಿಸಿನೂ ಮಾಡ್ಲಿಲ್ಲ."

"ಸಾರು?"

"ಇಲ್ಲ. ಸೌಟು ಸದ್ದಾದ್ರೆ ಅಮ್ಮ ಎದ್ಬಿಡ್ತಾರೆ."

"ಬೆಳಿಗ್ಗೆ?"

"ಕಾಫಿ."

"ಮಧ್ಯಾಹ್ನ?"

"ಡಬ್ಬಿ ಫ್ರೆಂಡ್‌ಗೆ ಕೊಟ್ಟೆ."

ಹೊಟ್ಟೆ ನೋಯುವವರೆಗೆ ತಿಂದು, ತನ್ನ ಮೇಲೇ ಅಸಹ್ಯಪಟ್ಟು ಮಲಗುತ್ತಿದ್ದ. ವಾರಕ್ಕೆ ಮೂರು ಸಲವಾದರೂ ಹೀಗೆ, ಐದು ತಿಂಗಳಿಂದ. ವಾಂತಿ ಮಾಡಿಕೊಳ್ತೀಯಾ ಅಂತಲೂ ಕೇಳಿದೆ. ಇಲ್ಲ ಅಂದ. ಹೌದು ಅಂದಿದ್ದರೆ ತಡಮಾಡದೆ ವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಚಿಪ್ಸಿನ ಚಟವಾಗಿದ್ದರೆ ತಣ್ಣಗಿನ ಬರೀ ಅನ್ನಕ್ಕೆ ಕೈ ಹೋಗುತ್ತಿತ್ತಾ? ಮನಸ್ಸಿನ ಕಾಯಿಲೆ ಗುರುತಿಸಲು ಮನೋವೈದ್ಯರು ಬಳಸುವ ಕೈಪಿಡಿಯಾದ ಡಿಎಸ್‌ಎಂ-5ರಲ್ಲಿ 'ಆಹಾರದ ಚಟ' ಎಂಬ ಕಾಯಿಲೆ ಇಲ್ಲ. 2013ರಲ್ಲಿ ಅದರಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದು ಬಿಂಜ್ ಈಟಿಂಗ್. ಬೇಡ ಅಂದರೂ ಕೈ ನಿಲ್ಲದಂತೆ ತಿನ್ನುವುದು, ಸರಾಸರಿ ವಾರಕ್ಕೊಮ್ಮೆಯಾದರೂ, ಮೂರು ತಿಂಗಳು. ಉಪವಾಸ ಬಿದ್ದ ದೇಹ ಹೀಗೆ ಸೇಡು ತೀರಿಸಿಕೊಳ್ಳುವುದು ಹೊಸದಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ದರು. ಆಮೇಲೆ ಬೇಕಾದಷ್ಟು ಬಡಿಸಿದರೂ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲಾಗಲಿಲ್ಲ. ಅವರಿಗೂ ಚಟ ಅನ್ನೋಣವೇ?

ಹುಡುಗನಿಗೆ ಹೇಳಿದ್ದು ಇಷ್ಟು: ಮೂರು ಹೊತ್ತು ಊಟತಿಂಡಿ, ನಡುವೆ ಎರಡು ಸಲ ಏನಾದರೂ. ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬೇಡ. ರಾತ್ರಿ ಎಷ್ಟೇ ತಿಂದಿದ್ದರೂ ಬೆಳಿಗ್ಗೆ ತಿಂಡಿ ತಪ್ಪಿಸಬೇಡ. ಈ ಕೊನೆಯದೇ ಅವನಿಗೆ ಕಷ್ಟವಾಗಿದ್ದು. ರಕ್ತಪರೀಕ್ಷೆಗೆ, ಮನೋವೈದ್ಯರಿಗೆ ಚೀಟಿ ಬರೆದುಕೊಟ್ಟೆ. ಕಾಯಿಲೆ ಇದೇ ಅಂತ ಹೇಳಬೇಕಾದವರು ಅವರು, ನಾನಲ್ಲ.

ತಾಯಿಗೆ ಹೇಳಿದ್ದು ಒಂದೇ: ಬೀಗ ತೆಗೆಯಿರಿ.

"ಇವರಪ್ಪಂಗೆ ಆಗ್ಲೇ ಶುಗರ್ ಇದೆ. ಇವನಿಗೂ ಬಂದ್ರೆ ನೀವು ನೋಡ್ಕೊಳ್ತೀರಾ ಮೇಡಂ?"

ಭಯ ನ್ಯಾಯವಾದದ್ದೇ. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಬೀಗ ಹಾಕಿದ್ದ ಐದು ತಿಂಗಳಲ್ಲಿ ಅವನು ಕಡಿಮೆ ತಿಂದಿದ್ದನಾ? ಕದ್ದು ತಿನ್ನುವುದನ್ನು ಕಲಿತಿದ್ದ, ಅಷ್ಟೇ.

ಎರಡು ತಿಂಗಳಾಯಿತು. ರಾತ್ರಿ ಏಳುವುದು ಪೂರ್ತಿ ನಿಂತಿಲ್ಲ. ಗಣಿತದ ಟೆಸ್ಟಿನ ವಾರ ಎರಡು ಸಲ ಎದ್ದಿದ್ದ. ಒಂದು ಸಲ ತಾಯಿಯೇ ಎದ್ದು ಬಂದು ಸಾರು ಬಿಸಿ ಮಾಡಿ ಬಡಿಸಿದರಂತೆ. ಬೀರುವಿನ ಬೀಗ ತೆಗೆದಿದ್ದಾರೆ. ಕೀ ಮಾತ್ರ ಇನ್ನೂ ಸೊಂಟದ ಗೊಂಚಲಲ್ಲೇ ಇದೆ.